ಪಟ್ಟಿಯಲ್ಲಿಲ್ಲದ ಇಚಿರೊ: ನನ್ನ ಕಾರ್ಡುಗಳ ಲೆಕ್ಕ

ಜಪಾನಿನ ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿಯ ಚಿತ್ರ ಇರುವ ಬೇಸ್‌ಬಾಲ್ ಕಾರ್ಡುಗಳು ಒಟ್ಟು ಎಷ್ಟಿವೆ ಅಂತ ಕೇಳಿದರೆ ಸರಿಯಾದ ಉತ್ತರ ಯಾರ ಹತ್ತಿರವೂ ಇಲ್ಲ. ಸಾವಿರಗಟ್ಟಲೆ ಇವೆ ಅನ್ನುವುದಷ್ಟೇ ಖಾತ್ರಿ. ಒಂದು ಕ್ಯಾಟಲಾಗ್ ಒಂದು ಸಂಖ್ಯೆ ಹೇಳುತ್ತದೆ, ಇನ್ನೊಂದು ಬೇರೆಯದೇ ಹೇಳುತ್ತದೆ. ಹೀಗಿರುವಾಗ ನನ್ನ ಹತ್ತಿರ ಎಷ್ಟಿವೆ, ಇನ್ನೆಷ್ಟು ಬೇಕು ಅಂತ ಲೆಕ್ಕ ಇಡುವುದು ಹೇಗೆ? ನಾನು ಇಟ್ಟುಕೊಂಡ ದಾರಿ ಇಲ್ಲಿ ಬರೆಯುತ್ತಿದ್ದೇನೆ.

ಸಿಯಾಟಲ್ ಹತ್ತಿರ ಕೆಲಸಕ್ಕೆ ಬಂದ ಮೇಲೆ ಹಿಡಿದ ಹುಚ್ಚು ಇದು. ಬೆಲ್‌ವ್ಯೂ, ರೆಡ್‌ಮಂಡ್ ಕಡೆ ಕನ್ನಡದವರಿಗೆ ಬರ ಇಲ್ಲ, ಆದರೆ ಬೇಸ್‌ಬಾಲ್ ಕಾರ್ಡಿನ ಬಗ್ಗೆ ಮಾತಾಡಲು ಒಬ್ಬರೂ ಸಿಗುವುದಿಲ್ಲ. ಊರಲ್ಲಿ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳನ್ನು ಕೂಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಮೆರಿಕದಲ್ಲಿ ಕಾರ್ಡು ಮಾಡುವ ಟಾಪ್ಸ್ ಕಂಪನಿಯೂ ಎಷ್ಟೋ ವರ್ಷ ಪ್ಯಾಕಿನೊಳಗೆ ಗಮ್ ಇಟ್ಟೇ ಕಾರ್ಡು ಮಾರುತ್ತಿತ್ತು.

ಇಚಿರೊ ಜಪಾನಿನ ಓರಿಕ್ಸ್ ಬ್ಲೂವೇವ್ ತಂಡದಲ್ಲಿ ಆಡುತ್ತಿದ್ದವನು, 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್‌ಗೆ ಬಂದ. ಮೊದಲ ವರ್ಷವೇ ರೂಕಿ ಆಫ್ ದಿ ಇಯರ್ (ವರ್ಷದ ಹೊಸ ಆಟಗಾರ), ಎಂವಿಪಿ (ವರ್ಷದ ಅತಿ ಮೌಲ್ಯದ ಆಟಗಾರ) ಎರಡೂ ಸಿಕ್ಕವು. 2004ರಲ್ಲಿ ಒಂದೇ ಸೀಸನ್ನಿನಲ್ಲಿ 262 ಹಿಟ್ ಹೊಡೆದು, 1920ರಿಂದ ಅಲುಗಾಡದೆ ಇದ್ದ ಜಾರ್ಜ್ ಸಿಸ್ಲರ್‌ನ 257ರ ದಾಖಲೆ ಮುರಿದ. ನಡುವೆ ಯಾಂಕೀಸ್, ಮಾರ್ಲಿನ್ಸ್ ತಂಡಗಳಿಗೂ ಆಡಿ, 2018ರಲ್ಲಿ ಮತ್ತೆ ಸಿಯಾಟಲ್‌ಗೇ ಬಂದ. 2025ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಕಾರ್ಡು ಕೂಡಿಸುವವನಿಗೆ ಇದರಲ್ಲಿ ಮುಖ್ಯ ಏನಪ್ಪಾ ಅಂದರೆ, ಎರಡು ದೇಶಗಳಲ್ಲಿ ಅವನ ಕಾರ್ಡು ಅಚ್ಚಾಗಿವೆ. ಒಂದು ದೇಶದ ಪಟ್ಟಿ ಮಾಡುವವರಿಗೆ ಇನ್ನೊಂದು ದೇಶದ್ದು ಅಷ್ಟಕ್ಕಷ್ಟೇ.

ಪಟ್ಟಿ ಅರ್ಧಂಬರ್ಧ ಆಗುವುದಕ್ಕೆ ಬೇರೆ ಕಾರಣಗಳೂ ಇವೆ. ಕಂಪನಿ ಕೊಡುವ ಚೆಕ್‌ಲಿಸ್ಟ್‌ನಲ್ಲಿ ಮೂಲ ಕಾರ್ಡು, ಇನ್ಸರ್ಟ್ (ಪ್ಯಾಕಿನಲ್ಲಿ ನಡುನಡುವೆ ಸೇರಿಸುವ ವಿಶೇಷ ಕಾರ್ಡು) ಇರುತ್ತವೆ. ಅದೇ ಕಾರ್ಡು ಬೇರೆ ಬಣ್ಣದ ಅಂಚಿನಲ್ಲಿ, ಹೊಳೆಯುವ ಕಾಗದದಲ್ಲಿ ಬರುವ ಪ್ಯಾರಲಲ್‌ಗಳು ಎಷ್ಟೋ ಸಲ ಅದರಲ್ಲಿ ಇರುವುದೇ ಇಲ್ಲ. ಸ್ಟೇಡಿಯಂ ಗೇಟಿನಲ್ಲಿ ಪುಕ್ಕಟೆ ಹಂಚಿದ ಕಾರ್ಡುಗಳನ್ನು ಯಾರೂ ಕ್ರಮವಾಗಿ ಬರೆದಿಡಲಿಲ್ಲ. ಜಪಾನಿನಲ್ಲಿ ಕಾಲ್ಬಿ ಅನ್ನುವ ಚಿಪ್ಸ್ ಕಂಪನಿ 1973ರಿಂದ ಪೊಟ್ಟಣದ ಜೊತೆ ಬೇಸ್‌ಬಾಲ್ ಕಾರ್ಡು ಕೊಡುತ್ತಿದೆ. ಅವುಗಳ ಲೆಕ್ಕ ಇಂಗ್ಲಿಷ್ ಕ್ಯಾಟಲಾಗ್‌ಗಳಲ್ಲಿ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇಲ್ಲ. ಇನ್ನು ತದ್ವಿರುದ್ಧದ ತೊಂದರೆಯೂ ಉಂಟು. ಅಚ್ಚೇ ಆಗದ ಕಾರ್ಡು ಪಟ್ಟಿಯಲ್ಲಿ ಕೂತಿರುತ್ತದೆ. ಒಬ್ಬರು ತಪ್ಪು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿರುತ್ತಾರೆ ಅಷ್ಟೆ. ಅಂಥ ಭೂತಗಳನ್ನು ಹುಡುಕಿಕೊಂಡು ಹೋದರೆ ಕಾಲ, ದುಡ್ಡು ಎರಡೂ ದಂಡ.

ಹಾಗಾಗಿ ಲೆಕ್ಕ ಇಡುವ ನನ್ನ ಸ್ಪ್ರೆಡ್‌ಶೀಟಿನಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಇಟ್ಟಿದ್ದೇನೆ. ಒಂದು, ಈ ಕಾರ್ಡು ಇದೆಯಾ? ಇನ್ನೊಂದು, ಇದು ನನ್ನ ಹತ್ತಿರ ಇದೆಯಾ? ಸಾಮಾನ್ಯವಾಗಿ ಎಲ್ಲರೂ ಎರಡನೆಯದನ್ನು ಮಾತ್ರ ಬರೆಯುತ್ತಾರೆ. ಪಟ್ಟಿ ಪೂರ್ತಿ ಇದ್ದಾಗ ಅದು ಸಾಕು. ಇಲ್ಲದಾಗ ಮೊದಲನೆಯದೇ ಜಾಸ್ತಿ ಮುಖ್ಯ.

ಮೊದಲ ಪ್ರಶ್ನೆಗೆ ನಾಲ್ಕು ಉತ್ತರ ಇಟ್ಟುಕೊಂಡಿದ್ದೇನೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದರೆ ‘ಕ’. ಮುಂದೆ ಹಿಂದೆ ಎರಡೂ ಕಡೆಯ ಫೋಟೊ ನೋಡಿದ್ದರೆ ‘ಫ’. ಪಟ್ಟಿಯಲ್ಲಿ ಹೆಸರು ಮಾತ್ರ ಇದ್ದರೆ ‘ಪ’. ಪಟ್ಟಿಯಲ್ಲೂ ಇಲ್ಲ, ಆದರೆ ಇರಬೇಕು ಅನ್ನಿಸಿದರೆ ‘ಊ’, ಅಂದರೆ ಊಹೆ. ಮುಂದೆ ಮಾತ್ರ ಫೋಟೊ ಇದ್ದರೆ ಅದಕ್ಕೆ ‘ಫ’ ಕೊಡುವುದಿಲ್ಲ, ‘ಪ’ದಲ್ಲೇ ಬಿಡುತ್ತೇನೆ. ಹಿಂಬದಿ ನೋಡದೆ ಕಾರ್ಡಿನ ಗುರುತು ಸಿಗುವುದಿಲ್ಲ. ದುಡ್ಡು ಕೊಟ್ಟು ಹುಡುಕುವುದು ‘ಫ’ ಇದ್ದದ್ದನ್ನು ಮಾತ್ರ. ‘ಪ’ ಮತ್ತು ‘ಊ’ ಕಣ್ಣಿಗೆ ಬಿದ್ದಾಗ ನೋಡುವುದಕ್ಕೆ.

ಹಿಂಬದಿ ಯಾಕೆ ಅಂದರೆ, ಈಚಿನ ಟಾಪ್ಸ್ ಕಾರ್ಡುಗಳನ್ನೇ ತೆಗೆದುಕೊಳ್ಳಿ. ಒಂದೇ ನಂಬರಿನಲ್ಲಿ ಮಾಮೂಲಿ ಫೋಟೊ ಒಂದು, ಅಪರೂಪಕ್ಕೆ ಸಿಗುವ ಬೇರೆ ಫೋಟೊ, ಅಂದರೆ ವೇರಿಯೇಷನ್, ಇನ್ನೊಂದು ಇರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಗೊತ್ತಾಗುತ್ತದೆ. ಒಂದೇ ಕೈಯಲ್ಲಿದ್ದರೆ ಯಾವುದು ಯಾವುದು ಅಂತ ಹೇಳುವುದು ಹೇಗೆ? ಕಾರ್ಡಿನ ಹಿಂದೆ ತೀರಾ ಕೆಳಗೆ, ಕಾಪಿರೈಟ್ ಸಾಲುಗಳ ಕೊನೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಕೋಡ್ ಇರುತ್ತದೆ. ಅದರ ಕೊನೆಯ ಕೆಲವು ಅಂಕಿಗಳು ಮಾಮೂಲಿ ಕಾರ್ಡಿಗೆ ಒಂದು, ವೇರಿಯೇಷನ್‌ಗೆ ಇನ್ನೊಂದು. ನನ್ನ ಶೀಟಿನಲ್ಲಿ ಇದಕ್ಕೇ ಒಂದು ಕಾಲಮ್ ಇದೆ. ಭೂತಗನ್ನಡಿ ಇಲ್ಲದೆ ಓದಲು ನನಗಂತೂ ಆಗುವುದಿಲ್ಲ. ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದುತ್ತೇನೆ.

ಕಾರ್ಡ್ ನಂಬರ್ ನಂಬಿಕೊಂಡರೆ ಸಾಕಾಗುವುದಿಲ್ಲ. 2001ರ ಟಾಪ್ಸ್‌ನಲ್ಲಿ ಇಚಿರೊ 726, ಅಪ್ಪರ್ ಡೆಕ್ ಅನ್ನುವ ಇನ್ನೊಂದು ಕಂಪನಿಯ ಸೆಟ್ಟಿನಲ್ಲಿ 271. ಇವು ಸುಲಭ. ಅದೇ ವರ್ಷದ ಬೋಮನ್ ಕ್ರೋಮ್ ಸೆಟ್ಟಿನಲ್ಲಿ ಅವನ ನಂಬರ್ 351, ಆದರೆ ಆ ಒಂದೇ ನಂಬರಿನಲ್ಲಿ ಇಂಗ್ಲಿಷಿನದೊಂದು, ಜಪಾನಿ ಭಾಷೆಯದೊಂದು ಕಾರ್ಡು ಬಂದಿವೆ. ಪಟ್ಟಿಯಲ್ಲಿ ಒಂದೇ ಸಾಲು ಬರೆದರೆ ಒಂದು ಕೈತಪ್ಪಿ ಹೋಗುತ್ತದೆ. ಅದಕ್ಕೆ ನನ್ನ ನಿಯಮ: ಕಣ್ಣಿಗೆ ಬೇರೆ ಅಂತ ಕಂಡರೆ ಬೇರೆ ಸಾಲು. ವರ್ಷ, ಕಂಪನಿ, ಸೆಟ್, ನಂಬರ್, ರೂಪ, ಈ ಐದನ್ನೂ ಸೇರಿಸಿ ಪ್ರತಿ ಸಾಲಿಗೂ ನನ್ನದೇ ಒಂದು ಗುರುತು ಕೊಟ್ಟಿದ್ದೇನೆ. ಕ್ಯಾಟಲಾಗ್‌ನವರು ತಮ್ಮ ನಂಬರ್ ಬದಲಾಯಿಸಿದರೂ ನನ್ನದು ಕದಲುವುದಿಲ್ಲ.

ಜಪಾನಿ ಕಾರ್ಡುಗಳ ವಿಷಯ ಬೇರೆ. ನನಗೆ ಜಪಾನಿ ಓದಲು ಬರುವುದಿಲ್ಲ. ಆದರೆ ಇಚಿರೊ ವಿಷಯದಲ್ಲಿ ಒಂದು ಅನುಕೂಲ ಇದೆ. ಬಿಬಿಎಂ ಅನ್ನುವ ಜಪಾನಿ ಕಾರ್ಡು ಕಂಪನಿಯ 1993ರ ಸೆಟ್ಟಿನ 239ನೇ ಕಾರ್ಡು, ಅವನ ಮೊದಲ ಕಾರ್ಡು ಅಂತ ಎಲ್ಲರೂ ಒಪ್ಪುವಂಥದ್ದು, ಬಂದಾಗ ಅವನ ಪೂರ್ತಿ ಹೆಸರನ್ನು ಕಾಂಜಿ ಲಿಪಿಯಲ್ಲಿ ನಾಲ್ಕು ಅಕ್ಷರದಲ್ಲಿ ಬರೆಯುತ್ತಿದ್ದರು. 1994ರಲ್ಲಿ ಅವನು ಬರೀ ಇಚಿರೊ ಅಂತ ಹೆಸರು ನೋಂದಾಯಿಸಿದ, ಅದೂ ಕಟಕಾನ ಲಿಪಿಯಲ್ಲಿ. ಅಲ್ಲೂ ನಾಲ್ಕೇ ಗುರುತು. ಅಡ್ಡಲಾಗಿ ಬರೆದಿದ್ದರೆ ಹಳೆಯದರಲ್ಲಿ ಮೂರನೆಯ ಅಕ್ಷರ ಒಂದು ಸಾದಾ ಅಡ್ಡಗೆರೆ. ಹೊಸದರಲ್ಲಿ ಅಡ್ಡಗೆರೆ ಕೊನೆಗೆ ಬರುತ್ತದೆ. ಗೆರೆ ಎಲ್ಲಿದೆ ನೋಡಿದರೆ ಯಾವ ಹೆಸರು ಅಂತ ಗೊತ್ತಾಗಿಬಿಡುತ್ತದೆ. ಕಾಲ್ಬಿ ಕಾರ್ಡುಗಳಿಗೆ ಅಳತೆಯನ್ನೂ ಬರೆಯುತ್ತೇನೆ, ಎಷ್ಟೋ ಕಾರ್ಡು ಅಮೆರಿಕದ ಪಾಕೆಟ್ಟಿನಲ್ಲಿ ಸಡಿಲವಾಗಿ ಕೂರುತ್ತವೆ.

ಹೆಸರಿನ ಗೋಜಲು ಇಂಗ್ಲಿಷಿನಲ್ಲೂ ತಪ್ಪಿದ್ದಲ್ಲ. ಕೆಲವು ಪಟ್ಟಿಯಲ್ಲಿ ಅವನು ಇಚಿರೊ, ಕೆಲವದರಲ್ಲಿ ಸುಜುಕಿ. ಸುಜುಕಿ ಅಂತ ಹುಡುಕಿದರೆ ಕರ್ಟ್ ಸುಜುಕಿ, ಸೇಯಾ ಸುಜುಕಿ ಇಬ್ಬರೂ ಬರುತ್ತಾರೆ. ತಂಡ ಮ್ಯಾರಿನರ್ಸ್ ಅಂತ ಸೋಸಿದರೂ ಮ್ಯಾಕ್ ಸುಜುಕಿ ಉಳಿಯುತ್ತಾನೆ. ಅವನು ಇಚಿರೊಗಿಂತ ಮೊದಲೇ ಇಲ್ಲಿ ಪಿಚರ್ ಆಗಿ ಚೆಂಡು ಎಸೆದವನು! ಎರಡೂ ಹೆಸರಿನಲ್ಲಿ ಹುಡುಕಿ, ಆಮೇಲೆ ಲೀಗ್ ಲೀಡರ್ಸ್ (ಲೀಗಿನಲ್ಲಿ ಮುಂದಿದ್ದವರ ಕಾರ್ಡು), ತಂಡದ ಕಾರ್ಡು, ಇಬ್ಬರು ಮೂವರು ಒಟ್ಟಿಗೆ ಇರುವ ಕಾರ್ಡು ಅಂತ ಇನ್ನೊಮ್ಮೆ ಜಾಲಾಡುತ್ತೇನೆ. ಜಾಸ್ತಿ ತಪ್ಪಿಸಿಕೊಳ್ಳುವುದು ಇವೇ.

ಊಹೆಗೆ ಆಧಾರ ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ಎರಡು ಕಡೆಯಿಂದ. ಒಂದು ಪ್ಯಾಕಿನ ಹೊದಿಕೆ. ಯಾವ ಪ್ಯಾರಲಲ್ ಎಷ್ಟು ಪ್ಯಾಕಿಗೆ ಒಂದು ಸಿಗುತ್ತದೆ ಅನ್ನುವ ಆಡ್ಸ್ ಅದರ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆ. ಚೆಕ್‌ಲಿಸ್ಟ್‌ನಲ್ಲಿಲ್ಲದ ಪ್ಯಾರಲಲ್ ಹೆಸರು ಅಲ್ಲಿ ಸಿಕ್ಕೀತು. ಅದಕ್ಕೇ ಖಾಲಿ ಹೊದಿಕೆಗಳನ್ನು ನಾನು ಎಸೆಯುವುದಿಲ್ಲ, ಮನೆಯಲ್ಲಿ ಬೈಸಿಕೊಂಡರೂ ಪರವಾಗಿಲ್ಲ. ಇನ್ನೊಂದು, ಅದೇ ಸೆಟ್ಟಿನ ಬೇರೆ ಆಟಗಾರರು. ಪಕ್ಕದ ನಂಬರಿನವನಿಗೆ 25 ಪ್ರತಿ ಮಾತ್ರ ಅಚ್ಚಾದ ಕಿತ್ತಳೆ ಅಂಚಿನ ಕಾರ್ಡು ಕಂಡರೆ ಇಚಿರೊಗೂ ಇರಬಹುದು ಅಂತ ‘ಊ’ ಹಾಕುತ್ತೇನೆ. ಇರಬಹುದು, ಅಷ್ಟೇ. ಕೆಲವು ಪ್ಯಾರಲಲ್‌ಗಳನ್ನು ಸೆಟ್ಟಿನ ಕೆಲವು ಕಾರ್ಡುಗಳಿಗೆ ಮಾತ್ರ ಮಾಡಿರುತ್ತಾರೆ.

ಸೀರಿಯಲ್ ನಂಬರ್ ಇರುವವು ಇದರಲ್ಲಿ ದೊಡ್ಡ ಉಪಕಾರಿಗಳು. 2001ರ ಟಾಪ್ಸ್ ಗೋಲ್ಡ್ ಕಾರ್ಡಿನ ಮೇಲೆ 2,001ರಲ್ಲಿ ಎಷ್ಟನೆಯದು ಅಂತ ಮುದ್ರೆಯೇ ಇರುತ್ತದೆ. ಇದೆಯೋ ಇಲ್ಲವೋ ಅನ್ನುವ ವಾದ ಅಲ್ಲಿಗೇ ಮುಗಿಯಿತು. ಮಾರಾಟದ ಫೋಟೊದಲ್ಲಿ ಕಂಡ ಸೀರಿಯಲ್ ನಂಬರುಗಳನ್ನೂ ಒಂದು ಕಾಲಮ್ಮಿನಲ್ಲಿ ಬರೆದಿಡುತ್ತೇನೆ. ಅದೇ ನಂಬರ್ ವರ್ಷ ಬಿಟ್ಟು ಮತ್ತೆ ಮಾರಾಟಕ್ಕೆ ಬಂದರೆ, ಇದು ಹೊಸ ಪ್ರತಿ ಅಲ್ಲ, ಕೈ ಬದಲಾದದ್ದು ಅಂತ ತಿಳಿಯುತ್ತದೆ. ಬೆಲೆ ಚೌಕಾಸಿ ಮಾಡುವಾಗ ಇದು ಕೆಲಸಕ್ಕೆ ಬರುತ್ತದೆ.

ಏನನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಬೇಕು. ಜಪಾನಿನ ಟೆಲಿಫೋನ್ ಕಾರ್ಡು, ಸ್ಟಿಕ್ಕರ್ ನನ್ನ ಪಟ್ಟಿಯಲ್ಲಿಲ್ಲ. ಲೈಸೆನ್ಸ್ ಇಲ್ಲದೆ ಯಾರೋ ಅಚ್ಚು ಹಾಕಿಸಿದವೂ ಇಲ್ಲ. ಕಾರ್ಡು ಅಚ್ಚು ಹಾಕಲು ಬಳಸಿದ ನಾಲ್ಕು ಬಣ್ಣದ ಪ್ರಿಂಟಿಂಗ್ ಪ್ಲೇಟು ಇವೆಯಲ್ಲ, ಒಂದೊಂದೂ ಜಗತ್ತಿನಲ್ಲಿ ಒಂದೇ ಇರುವಂಥವು, ಅವುಗಳಿಗೆ ಬೇರೆ ಹಾಳೆ. ಮುಖ್ಯ ಹಾಳೆಗೆ ಸೇರಿಸಿದರೆ ‘ಬೇಕು’ ಕಾಲಮ್ಮು ಯಾವತ್ತೂ ಸಣ್ಣದಾಗುವುದಿಲ್ಲ, ಸುಮ್ನೆ ತಲೆನೋವು. ನಿಮ್ಮ ಗೆರೆ ಬೇರೆ ಕಡೆ ಇರಬಹುದು. ಎಲ್ಲಿ ಎಳೆದಿದ್ದೀರಿ ಅಂತ ಹಾಳೆಯ ಮೇಲೆ ಬರೆದಿಟ್ಟರೆ ಸಾಕು.

ಶೇಕಡಾ ಲೆಕ್ಕವನ್ನು ನಾನು ಹಾಕುವುದಿಲ್ಲ. ಒಟ್ಟು ಎಷ್ಟು ಅಂತಲೇ ಗೊತ್ತಿಲ್ಲದ ಮೇಲೆ ಶೇಕಡಾ ಎಷ್ಟು ಮುಗಿಯಿತು ಅಂದರೆ ಏನು ಅರ್ಥ, ಅಲ್ವಾ? ಪ್ರತಿ ತಿಂಗಳು ‘ಪ’ದಿಂದ ‘ಫ’ಕ್ಕೆ ಎಷ್ಟು ಹೋದವು, ‘ಫ’ದಿಂದ ‘ಕ’ಕ್ಕೆ ಎಷ್ಟು ಬಂದವು ಅಂತ ನೋಡುತ್ತೇನೆ. ಹೊಸ ಸಾಲುಗಳು ಸೇರುತ್ತಲೇ ಇರುತ್ತವೆ. ಆಟ ಬಿಟ್ಟ ಮೇಲೂ ಇಚಿರೊ ಕಾರ್ಡು ಅಚ್ಚಾಗುವುದು ನಿಂತಿಲ್ಲ.

ಜೋಡಿಸುವ ವಿಷಯ ಜಾಸ್ತಿ ಹೇಳುವಂಥದ್ದೇನಿಲ್ಲ. ಒಂಬತ್ತು ಪಾಕೆಟ್ಟಿನ ಹಾಳೆ, ವರ್ಷದ ಪ್ರಕಾರ ಬೈಂಡರ್. ಬರಬೇಕಾದ ಕಾರ್ಡಿಗೆ ಅಂತ ಪಾಕೆಟ್ ಖಾಲಿ ಬಿಡುವುದಿಲ್ಲ, ಪ್ರತಿ ವರ್ಷದ ಕೊನೆಗೆ ಒಂದು ಖಾಲಿ ಹಾಳೆ ಬಿಡುತ್ತೇನೆ. ಯಾವ ಬೈಂಡರ್, ಯಾವ ಹಾಳೆ ಅಂತ ಶೀಟಿನಲ್ಲಿ ಇರುತ್ತದೆ. ಶೀಟಿನ ಒಂದು ಪ್ರತಿ ಫೋನಿನಲ್ಲಿ ಆಫ್‌ಲೈನ್ ಇಟ್ಟಿರುತ್ತೇನೆ. ಕಾರ್ಡ್ ಶೋ ನಡೆಯುವ ಹಾಲ್‌ಗಳಲ್ಲಿ ಸಿಗ್ನಲ್ ಸಿಗುವುದು ಕಷ್ಟ.

ಪಟ್ಟಿಯಲ್ಲಿಲ್ಲದ ಕಾರ್ಡು ಕೈಗೆ ಸಿಕ್ಕಿದರೆ ಎರಡೂ ಬದಿ ಸ್ಕ್ಯಾನ್ ಮಾಡಿ ಟ್ರೇಡಿಂಗ್ ಕಾರ್ಡ್ ಡೇಟಾಬೇಸ್‌ಗೆ ಕಳಿಸುತ್ತೇನೆ. ಅದು ಕೂಡಿಸುವವರೇ ಸೇರಿ ತುಂಬಿಸುವ ಪಟ್ಟಿ. ಸದ್ಯಕ್ಕೆ ನನ್ನ ಮೇಜಿನ ಮೇಲೆ ಬ್ಲೂವೇವ್ ಕಾಲದ ಒಂದು ಕಾರ್ಡಿದೆ. ನಂಬರ್ ಇಲ್ಲ, ವರ್ಷ ಇಲ್ಲ, ಹಿಂಬದಿ ಬರೀ ಒಂದು ಅಂಗಡಿಯ ಜಾಹೀರಾತು. ಹೆಸರಿನಲ್ಲಿ ಅಡ್ಡಗೆರೆ ಕೊನೆಗೆ ಇದೆ, ಹಾಗಾಗಿ 1994 ಅಥವಾ ಆಮೇಲಿನದು. 2000ದ ನಂತರ ಅವನು ಓರಿಕ್ಸ್‌ಗೆ ಆಡಲೇ ಇಲ್ಲ. ಆ ಏಳು ವರ್ಷಗಳಲ್ಲಿ ಯಾವುದು ಅಂತ ಜರ್ಸಿ, ಜಾಹೀರಾತು ಎರಡನ್ನೂ ಹಿಡಿದು ಹುಡುಕುತ್ತಿದ್ದೇನೆ. ಶೀಟಿನಲ್ಲಿ ವರ್ಷದ ಜಾಗದಲ್ಲಿ ‘1994–2000’ ಅಂತ ಬರೆದು, ಪಕ್ಕದಲ್ಲಿ ‘ಕ’ ಹಾಕಿದ್ದೇನೆ.