ಮಾಂಡೋವಿಯ ಮೇಲೊಂದು ಮನೆ: ದೋಣಿಯಲ್ಲಿ ವಾಸಿಸುವವರ ದಿನಚರಿ ಮತ್ತು ದುರಸ್ತಿ

ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ನದಿ ಗೋವೆಯಲ್ಲಿ ಮಾಂಡೋವಿಯಾಗಿ ಕಡಲು ಸೇರುತ್ತದೆ. ಪಣಜಿಯಿಂದ ಸ್ವಲ್ಪ ಮೇಲಕ್ಕೆ, ರಿಬಂದರ್ ದಂಡೆಗೂ ಚೋಡಣ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೂ ನಡುವೆ ಲಂಗರು ಹಾಕಿದ 32 ಅಡಿ ಉದ್ದದ ಫೈಬರ್ ದೋಣಿಯೊಂದರಲ್ಲಿ ನಾನೂ ನನ್ನ ಹೆಂಡತಿಯೂ ನಾಲ್ಕು ವರ್ಷಗಳಿಂದ ವಾಸವಾಗಿದ್ದೇವೆ. ಅಂಕೋಲಾದ ಕಡಲಂಚಿನಲ್ಲಿ ಬೆಳೆದವನಾದರೂ, ದೋಣಿಯಲ್ಲಿ ದುಡಿಯುವುದು ಬೇರೆ, ದೋಣಿಯಲ್ಲಿ ಸಂಸಾರ ಮಾಡುವುದು ಬೇರೆ ಎಂಬುದು ನನಗೆ ಇಲ್ಲಿಗೆ ಬಂದ ಮೇಲೆಯೇ ಗೊತ್ತಾಯಿತು. ಇಂಥ ಬದುಕನ್ನು ಬಯಸುವ ಕನ್ನಡಿಗರಿಗೆ ಉಪಯೋಗವಾಗಲೆಂದು, ಇಲ್ಲಿ ಪ್ರತಿದಿನ ಮಾಡಲೇಬೇಕಾದ ಕೆಲಸಗಳನ್ನೂ ವರ್ಷದಲ್ಲಿ ಆಗಾಗ ಬರುವ ದೊಡ್ಡ ಕೆಲಸಗಳನ್ನೂ ಬರೆಯುತ್ತಿದ್ದೇನೆ. ಲಂಗರು ಹಾಕುವ ಮೊದಲು ಗೋವಾ ಸರ್ಕಾರದ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ನೋಂದಣಿ ಮತ್ತು ಲಂಗರಿನ ಜಾಗದ ವಿಚಾರವನ್ನು ಮುಗಿಸಿಕೊಂಡಿರಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ದೋಣಿಯ ಮನೆಗೆಲಸವೆಲ್ಲ ನೀರಿನ ಲೆಕ್ಕವೇ. ಎಲ್ಲಿ ನೀರು ಇರಬೇಕೋ ಅಲ್ಲಿ ಇದೆಯೇ, ಎಲ್ಲಿ ಇರಬಾರದೋ ಅಲ್ಲಿಗೆ ಬಂದಿದೆಯೇ ಎಂದು ನೋಡುವುದರಿಂದಲೇ ನಮ್ಮ ದಿನ ಆರಂಭವಾಗುತ್ತದೆ. ಬೆಳಿಗ್ಗೆ ಚಹಾಕ್ಕೆ ಒಲೆ ಹಚ್ಚುವ ಮುನ್ನವೇ ನೆಲದ ಹಲಗೆಯೊಂದನ್ನು ಎತ್ತಿ ದೋಣಿಯ ಅಡಿಹೊಟ್ಟೆಯನ್ನು ನೋಡಬೇಕು. ಬಿಲ್ಜ್ ಎಂದು ಕರೆಯುವ ಈ ತಗ್ಗಿನಲ್ಲಿ ದೋಣಿಯೊಳಗಿನ ಸೋರಿಕೆಯೆಲ್ಲ ಬಂದು ನಿಲ್ಲುತ್ತದೆ. ನೀರು ಇದ್ದರೆ ಸ್ಪಂಜಿನಿಂದ ಒರೆಸಿ ತೆಗೆಯುವ ಮೊದಲು ಅದು ಎಲ್ಲಿಯದೆಂದು ತಿಳಿಯಬೇಕು. ಮೇಲೆ ಎಣ್ಣೆಯ ಮಿನುಗು ಇಲ್ಲದಿದ್ದರೆ ಒಂದು ಹನಿಯನ್ನು ನಾಲಗೆಯ ತುದಿಗೆ ತಾಗಿಸಿ ಉಗುಳಿಬಿಡಿ. ಉಪ್ಪಾಗಿದ್ದರೆ ಅದು ಹೊರಗಿನಿಂದ ಬಂದ ನೀರು, ಸಪ್ಪೆಯಾಗಿದ್ದರೆ ನಿಮ್ಮದೇ ಟ್ಯಾಂಕಿನದು ಅಥವಾ ಮೇಲಿನಿಂದ ಸೋರಿದ ಮಳೆಯದು. ಆದರೆ ಈ ಪರೀಕ್ಷೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ ನಡೆಯುತ್ತದೆ. ಜುಲೈ ತಿಂಗಳಲ್ಲಿ ಘಟ್ಟದ ಮಳೆನೀರು ಹರಿದು ಬಂದು ಮಾಂಡೋವಿಯೇ ಸಪ್ಪೆಯಾಗಿರುವುದರಿಂದ ಆಗ ರುಚಿಯನ್ನು ನಂಬಬಾರದು, ಬಣ್ಣವನ್ನು ನೋಡಬೇಕು. ಸ್ಟೀಲ್ ಲೋಟದಲ್ಲಿ ಆ ನೀರನ್ನು ಅರ್ಧ ಗಂಟೆ ಇಟ್ಟರೆ, ನದಿಯ ನೀರಾದರೆ ತಳದಲ್ಲಿ ಕೆಮ್ಮಣ್ಣಿನ ತೆಳು ಗಸಿ ಕೂರುತ್ತದೆ, ಮಳೆಯ ನೀರಾದರೆ ಕೂರುವುದಿಲ್ಲ.

ನೀರು ಏರಿದಾಗ ತೇಲಿ ಬಿಲ್ಜ್ ಪಂಪನ್ನು ತಾನಾಗಿ ಓಡಿಸುವ ಫ್ಲೋಟ್ ಸ್ವಿಚ್ಚನ್ನು ದಿನಕ್ಕೊಮ್ಮೆ ಬೆರಳಿನಿಂದ ಎತ್ತಿ, ಪಂಪು ಓಡುವ ಸದ್ದನ್ನು ಕೇಳಿಸಿಕೊಳ್ಳಿ. ಅದರ ತಂತಿ ಮುಖ್ಯ ಸ್ವಿಚ್ಚಿನ ಮೂಲಕ ಹೋಗದೆ, ಫ್ಯೂಸ್ ಒಂದನ್ನು ದಾಟಿ ನೇರವಾಗಿ ಬ್ಯಾಟರಿಗೆ ಸೇರಿರಬೇಕು. ಏಕೆಂದರೆ ಊರಿಗೆ ಹೋಗುವಾಗ ಎಲ್ಲವನ್ನೂ ಆರಿಸಿ ಹೋಗುವ ಅಭ್ಯಾಸ ನಮಗಿದೆ, ನೀರಿಗೆ ಅದು ಗೊತ್ತಿರುವುದಿಲ್ಲ.

ದೋಣಿಯ ಮೈಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ನಾವೇ ಕೊರೆದ ತೂತುಗಳಿರುತ್ತವೆ: ಇಂಜಿನ್ನನ್ನು ತಣಿಸುವ ನೀರು ಒಳಬರಲು ಒಂದು, ಪಾತ್ರೆ ತೊಳೆದ ನೀರು ಹೊರಹೋಗಲು ಒಂದು, ಶೌಚಕ್ಕೆ ಒಂದೆರಡು. ಪ್ರತಿಯೊಂದಕ್ಕೂ ಸೀಕಾಕ್ ಎಂಬ ಕವಾಟವಿದ್ದು, ಅದಕ್ಕೆ ರಬ್ಬರ್ ಕೊಳವೆಯನ್ನು ಕ್ಲಿಪ್ಪುಗಳಿಂದ ಬಿಗಿದಿರುತ್ತಾರೆ. ದೋಣಿ ಮುಳುಗುವ ಭಯವೆಂದರೆ ಬಿರುಗಾಳಿಯದೆಂದು ದಡದಲ್ಲಿರುವವರು ತಿಳಿಯುತ್ತಾರೆ, ಆದರೆ ನನ್ನನ್ನು ಹೆದರಿಸಿದ್ದು ಹತ್ತಾರು ರೂಪಾಯಿಯ ಒಂದು ಕ್ಲಿಪ್ಪು. ನಾವು ಬಂದ ಮೊದಲ ವರ್ಷ, ಗಾಳಿಯೇ ಇಲ್ಲದ ಒಂದು ರಾತ್ರಿ, ನೀರು ಕುಡಿಯಲೆಂದು ಎದ್ದವನ ಕಾಲು ನೆಲದ ಹಲಗೆಯ ಮೇಲೆ ತಣ್ಣಗೆ ಒದ್ದೆಯಾಯಿತು. ಪಾತ್ರೆ ತೊಳೆಯುವ ತೊಟ್ಟಿಯ ಕೊಳವೆಯ ಕ್ಲಿಪ್ಪು ತುಕ್ಕು ತಿಂದು ತುಂಡಾಗಿ, ಕೊಳವೆ ಕಳಚಿ ಬಿದ್ದಿತ್ತು. ಕವಾಟವನ್ನು ಮುಚ್ಚಿದೆ, ಅಷ್ಟಕ್ಕೇ ನಿಂತಿತು. ಮರುದಿನ ಲೆಕ್ಕ ಹಾಕಿದಾಗ ನಿದ್ದೆಯೇ ಹಾರಿಹೋಯಿತು. ನೀರಿನ ಮಟ್ಟದಿಂದ ಎರಡು ಅಡಿ ಕೆಳಗಿರುವ ಒಂದೂವರೆ ಇಂಚಿನ ತೂತಿನಿಂದ ನಿಮಿಷಕ್ಕೆ 100 ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ಗಂಟೆಗೆ 2000 ಲೀಟರ್ ಎತ್ತುವ ಪಂಪು ನಿಮಿಷಕ್ಕೆ ಎತ್ತುವುದು ಸುಮಾರು 33 ಲೀಟರ್ ಮಾತ್ರ.

ಆದ್ದರಿಂದ ಪ್ರತಿ ಕೊಳವೆಗೂ ಎರಡೆರಡು ಕ್ಲಿಪ್ಪು ಹಾಕಬೇಕು. ಅಂಗಡಿಗೆ ಹೋಗುವಾಗ ಸಣ್ಣ ಅಯಸ್ಕಾಂತವೊಂದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ. ಎಷ್ಟೋ ಕ್ಲಿಪ್ಪುಗಳಲ್ಲಿ ಪಟ್ಟಿ ಸ್ಟೇನ್‌ಲೆಸ್ ಆಗಿದ್ದು ತಿರುಪು ಮಾತ್ರ ಸಾದಾ ಕಬ್ಬಿಣದ್ದಾಗಿರುತ್ತದೆ. ತಿರುಪು ಅಯಸ್ಕಾಂತಕ್ಕೆ ಗಟ್ಟಿಯಾಗಿ ಹಿಡಿದುಕೊಂಡರೆ ಅದನ್ನು ಅಲ್ಲೇ ಬಿಟ್ಟು, ಉಪ್ಪುನೀರಿಗೆ ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದನ್ನು ಕೇಳಿ. ವಾರಕ್ಕೊಮ್ಮೆ ಪ್ರತಿ ಸೀಕಾಕನ್ನೂ ಪೂರ್ತಿ ಮುಚ್ಚಿ ತೆರೆಯಬೇಕು; ಆರು ತಿಂಗಳು ತಿರುಗಿಸದೆ ಬಿಟ್ಟ ಕವಾಟ ಬೇಕಾದ ದಿನ ತಿರುಗುವುದಿಲ್ಲ. ಪ್ರತಿಯೊಂದರ ಪಕ್ಕದಲ್ಲಿಯೂ ಅದರ ಅಳತೆಗೆ ಸರಿಯಾದ ಮೆದು ಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿಡಿ. ಕವಾಟವೇ ಮುರಿದರೆ ಬಿರಡೆಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬಹುದು, ನೀರು ಹೀರಿ ಅದು ತಾನಾಗಿ ಉಬ್ಬಿ ಬಿಗಿಯಾಗುತ್ತದೆ. ದೋಣಿ ಬಿಟ್ಟು ಊರಿಗೆ ಹೋಗುವಾಗ ಎಲ್ಲ ಸೀಕಾಕುಗಳನ್ನೂ ಮುಚ್ಚಿ ಹೋಗಿ. ಪ್ರೊಪೆಲ್ಲರಿನ ಶಾಫ್ಟ್ ದೋಣಿಯಿಂದ ಹೊರಹೋಗುವ ಜಾಗದಲ್ಲಿ ಹಳೆಯ ಮಾದರಿಯ ಎಣ್ಣೆಹಗ್ಗದ ಪ್ಯಾಕಿಂಗ್ ಇದ್ದರೆ, ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕುವುದು ಸರಿಯೇ. ಪೂರ್ತಿ ಒಣಗುವಷ್ಟು ಬಿಗಿದರೆ ಶಾಫ್ಟ್ ಕಾದು ಸವೆಯುತ್ತದೆ.

ಇನ್ನು ಕುಡಿಯುವ ನೀರು. ನಮ್ಮ ಟ್ಯಾಂಕು 200 ಲೀಟರಿನದು. ಇಬ್ಬರಿಗೆ ಅಡಿಗೆ, ಕುಡಿಯುವುದು, ಮುಖ ತೊಳೆಯುವುದು, ಚೊಂಬಿನಲ್ಲಿ ಅಳೆದು ಸ್ನಾನ ಎಲ್ಲ ಸೇರಿ ದಿನಕ್ಕೆ 40 ಲೀಟರ್ ಎಂದಿಟ್ಟುಕೊಂಡರೆ ಐದು ದಿನ ಬರುತ್ತದೆ. ವಿದ್ಯುತ್ ಪಂಪಿನ ನಲ್ಲಿಗಿಂತ ಕಾಲಿನಿಂದ ಒತ್ತುವ ಪಂಪು ಒಳ್ಳೆಯದು, ಏಕೆಂದರೆ ಕಾಲು ನಿಂತರೆ ನೀರೂ ನಿಲ್ಲುತ್ತದೆ. ಮಳೆಗಾಲದಲ್ಲಿ ಮೇಲ್ಕಟ್ಟಿನ ಟಾರ್ಪಾಲನ್ನು ಒಂದು ಕಡೆ ತಗ್ಗಿಸಿ ಕೊಳವೆ ಕೊಟ್ಟರೆ ಟ್ಯಾಂಕು ತಾನೇ ತುಂಬುತ್ತದೆ. ಹತ್ತು ಚದರ ಮೀಟರಿನ ಟಾರ್ಪಾಲಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 500 ಲೀಟರ್ ನೀರಾಗುತ್ತದೆ. ಮೊದಲ ಕಾಲು ಗಂಟೆಯ ನೀರನ್ನು ಹೊರಗೆ ಬಿಟ್ಟು ಆಮೇಲಿನದನ್ನು ಹಿಡಿಯಿರಿ, ಕುಡಿಯಲು ಕುದಿಸಿಯೇ ಬಳಸಿರಿ.

ಬಟ್ಟೆಯನ್ನು ಉಪ್ಪುನೀರಿನಲ್ಲಿ ಒಗೆದರೆ ಎಷ್ಟು ಒಣಗಿಸಿದರೂ ಸಂಜೆಗೆ ಮತ್ತೆ ಜಿಗುಟಾಗುತ್ತದೆ, ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಹಾಸಿಗೆಯ ಕೆಳಗೂ ಹೀಗೆಯೇ: ಮೈಯ ಬಿಸಿ ಮೇಲೆ, ನೀರಿನ ತಂಪು ಕೆಳಗೆ, ನಡುವೆ ಬೂಷ್ಟು. ಹಾಸಿಗೆಯನ್ನು ಹಲಗೆಯ ಮೇಲೆ ನೇರವಾಗಿ ಹಾಕದೆ ಸಂದು ಬಿಟ್ಟ ಪಟ್ಟಿಗಳ ಮೇಲೆ ಹಾಕಬೇಕು, ದಿನವೂ ಎದ್ದ ಮೇಲೆ ಒಂದು ಬದಿಯನ್ನು ಎತ್ತಿ ನಿಲ್ಲಿಸಬೇಕು.

ಅಡಿಗೆಮನೆಯ ವಿಚಾರದಲ್ಲಿ ನಮಗೆ ಪಾಠ ಹೇಳಿದವರು ಪಣಜಿ ಮಾರುಕಟ್ಟೆಯ ತರಕಾರಿಯ ಅಕ್ಕ. ಗೋವೆಗೆ ತರಕಾರಿ ಬರುವುದು ಬಹುಪಾಲು ಬೆಳಗಾವಿಯಿಂದ, ಅಕ್ಕನೂ ಆ ಕಡೆಯವರೇ. ನಾನು ಹಣ್ಣಾದ ಟೊಮ್ಯಾಟೊ ಆರಿಸುತ್ತಿದ್ದುದನ್ನು ಕಂಡು, "ಅವ್ ಬ್ಯಾಡ್ರೀ ಅಣ್ಣಾರ, ದೋರಗಾಯಿ ಒಯ್ಯಿರಿ, ಎಂಟ್ ದಿನಾ ತಡೀತಾವ" ಎಂದರು. ಫ್ರಿಜ್ಜಿಗೆ ಕೊಡುವ ಕರೆಂಟು ಕಡಿಮೆಯಿರುವಲ್ಲಿ ಈ ಮಾತಿಗೆ ಬಹಳ ಬೆಲೆಯಿದೆ. ಕುಂಬಳ, ಸುವರ್ಣಗಡ್ಡೆ, ಈರುಳ್ಳಿ, ಬಲಿತ ಬಾಳೆಕಾಯಿಗಳು ಗಾಳಿಯಾಡುವ ಬಲೆಚೀಲದಲ್ಲಿ ಚೆನ್ನಾಗಿ ಉಳಿಯುತ್ತವೆ. ಸಾಮಾನು ತಂದ ರಟ್ಟಿನ ಪೆಟ್ಟಿಗೆಯನ್ನು ಮಾತ್ರ ದೋಣಿ ಹತ್ತಿಸಬೇಡಿ. ಅದರ ಮಡಿಕೆಗಳಲ್ಲಿ ಜಿರಳೆಯ ಮೊಟ್ಟೆಗಳಿರಬಹುದು, ಒಮ್ಮೆ ಬಂದ ಜಿರಳೆ ದೋಣಿಯಿಂದ ಹೋಗುವುದು ಕಷ್ಟ. ಕುಕ್ಕರಿನಲ್ಲಿ ಬೇಯಿಸಿದರೆ ಗ್ಯಾಸೂ ಉಳಿಯುತ್ತದೆ, ಒಳಗೆ ಹಬೆಯೂ ಕಡಿಮೆಯಾಗುತ್ತದೆ.

ಗ್ಯಾಸಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದು. ದಡದ ಮನೆಯಲ್ಲಿ ಸೋರಿದರೆ ಬಾಗಿಲ ಸಂದಿನಿಂದಾದರೂ ಹೊರಹೋದೀತು; ದೋಣಿಯಲ್ಲಿ ಅದು ಇಳಿದು ಬಿಲ್ಜಿನಲ್ಲಿ ನೀರಿನಂತೆಯೇ ನಿಲ್ಲುತ್ತದೆ, ಬಿಲ್ಜ್ ಪಂಪಿನ ಒಂದು ಕಿಡಿ ಸಾಕಾಗುತ್ತದೆ. ಸಿಲಿಂಡರನ್ನು ಒಳಗೆ ಇಡದೆ, ತಳದಿಂದ ಹೊರಕ್ಕೆ ತೂಬು ಇರುವ ಪ್ರತ್ಯೇಕ ಪೆಟ್ಟಿಗೆಯಲ್ಲಿ ಮೇಲುಗಡೆಯೇ ಇಡಿ. ಅಡಿಗೆ ಮುಗಿದ ಕೂಡಲೇ ಒಲೆಯ ಗುಂಡಿಯನ್ನಲ್ಲ, ಸಿಲಿಂಡರಿನ ರೆಗ್ಯುಲೇಟರನ್ನು ಮೊದಲು ಮುಚ್ಚಿ, ಕೊಳವೆಯಲ್ಲಿ ಉಳಿದದ್ದು ಉರಿದು ಆರಿದ ಮೇಲೆ ಒಲೆಯನ್ನು ಆರಿಸಿ. ತಿಂಗಳಿಗೊಮ್ಮೆ ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿ.

ವಿದ್ಯುತ್ತಿನ ಲೆಕ್ಕ ಸರಳವಾದದ್ದು. ಒಟ್ಟು 200 ಆಂಪಿಯರ್-ಅವರ್‌ನ ಸೀಸ-ಆಮ್ಲದ ಬ್ಯಾಟರಿಗಳಿದ್ದರೆ ಅರ್ಧವನ್ನು ಮಾತ್ರ ನಿಮ್ಮದೆಂದು ತಿಳಿಯಿರಿ. ಒಂದೂವರೆ ಆಂಪಿಯರಿನ ಫ್ಯಾನು ರಾತ್ರಿ ಹತ್ತು ಗಂಟೆ ಓಡಿದರೆ 15 ಆಂಪಿಯರ್-ಅವರ್ ಹೋಯಿತು. ಯಾವುದೂ ಓಡದಿರುವಾಗ ವೋಲ್ಟ್ ಮೀಟರು 12.6ರ ಮೇಲೆ ತೋರಿಸಿದರೆ ಬ್ಯಾಟರಿ ತುಂಬಿದೆ, 12.2ರ ಹತ್ತಿರ ಬಂದರೆ ಅರ್ಧಕ್ಕಿಳಿದಿದೆ. ಸೋಲಾರ್ ಫಲಕವನ್ನು ನಂಬಿದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ರಿಜ್ಜನ್ನು ಮರೆಯಬೇಕು, ಇಲ್ಲವೇ ಇಂಜಿನ್ ಓಡಿಸಬೇಕು. ಇಂಜಿನ್ ಶುರುವಾದಾಗಲೆಲ್ಲ ಹಿಂಬದಿಯ ಕೊಳವೆಯಿಂದ ನೀರು ಉಗುಳುತ್ತಿದೆಯೇ ಎಂದು ಬಗ್ಗಿ ನೋಡುವುದು ಅಭ್ಯಾಸವಾಗಲಿ. ಮಳೆಗಾಲದ ಕೆಂಪು ಗಸಿಯೂ ತೇಲಿ ಬರುವ ಎಲೆಗಳೂ ಇಂಜಿನ್ನನ್ನು ತಣಿಸುವ ನೀರಿನ ಜಾಲರಿಯನ್ನು ಒಂದೇ ದಿನದಲ್ಲಿ ಕಟ್ಟಿಬಿಡುತ್ತವೆ.

ಲಂಗರಿನ ಸರಪಳಿಯನ್ನು ಇಳಿತದ ಆಳ ನೋಡಿ ಬಿಡಬಾರದು, ಭರತದ ಆಳಕ್ಕೆ ಬಿಡಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಲ್ಲಿ ನೀರು ಸುಮಾರು ಎರಡು ಮೀಟರ್ ಏರಿಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಅದರ ಅರ್ಧಕ್ಕೂ ಕಡಿಮೆಯಾಗುತ್ತದೆ. ಇಳಿತದಲ್ಲಿ ಮೂರು ಮೀಟರ್ ಆಳವಿದ್ದರೆ, ಅದಕ್ಕೆ ಭರತದ ಎರಡು ಮೀಟರನ್ನೂ ನೀರಿನಿಂದ ದೋಣಿಯ ಮೂತಿಯವರೆಗಿನ ಒಂದು ಮೀಟರನ್ನೂ ಸೇರಿಸಿ ಆರಾಯಿತು. ಅದರ ಐದು ಪಟ್ಟು, ಎಂದರೆ 30 ಮೀಟರ್ ಸರಪಳಿ ನೀರಿನಲ್ಲಿರಬೇಕು. ಆರು ಗಂಟೆಗೊಮ್ಮೆ ಹರಿವು ದಿಕ್ಕು ಬದಲಿಸಿ ದೋಣಿ ಸುತ್ತ ತಿರುಗುವುದರಿಂದ ಸರಪಳಿ ಹುರಿಗೊಳ್ಳದಂತೆ ನಡುವೆ ತಿರುಗುಕೊಂಡಿ ಹಾಕಿ. ಕತ್ತಲಾದ ಮೇಲೆ ಸುತ್ತಲೂ ಕಾಣುವ ಬಿಳಿಯ ದೀಪವೊಂದು ಬೆಳಗುವವರೆಗೂ ಉರಿಯುತ್ತಿರಬೇಕು. ಇದು ಕಡಲ ಸಂಚಾರದ ನಿಯಮ ಮಾತ್ರವಲ್ಲ, ಇಲ್ಲಿ ಫೆರ್ರಿಗಳೂ ಅದಿರಿನ ಬಾರ್ಜುಗಳೂ ಓಡಾಡುತ್ತವೆ.

ಮಳೆಗಾಲದ ಸಿದ್ಧತೆ ಮೇ ತಿಂಗಳ ಮೊದಲ ವಾರದೊಳಗೆ ಮುಗಿಯಬೇಕು. ಮುಂಗಾರಿಗೆ ಇನ್ನೂ ಸಮಯವಿದೆಯೆಂದು ಕಾಯುವುದು ತಪ್ಪು. 2021ರಲ್ಲಿ ತೌಕ್ತೆ ಚಂಡಮಾರುತ ಗೋವೆಯ ಕರಾವಳಿಯನ್ನು ಬಡಿದದ್ದು ಮೇ ತಿಂಗಳ ಮಧ್ಯದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಹೊತ್ತಿಗೆ ದೋಣಿಗಳೆಲ್ಲ ಒಳಗೆ ಬಂದು, ಒಳ್ಳೆಯ ಜಾಗಗಳು ತುಂಬಿಹೋಗುತ್ತವೆ. ಮಾಂಡೋವಿ ಕಡಲು ಸೇರುವ ಆಗ್ವಾದ ಅಳಿವೆಯ ಮರಳದಿಬ್ಬದ ಮೇಲೆ ಮಳೆಗಾಲದುದ್ದಕ್ಕೂ ಅಲೆ ಒಡೆಯುತ್ತದೆ, ಆ ದಾರಿಯಿಂದ ಹೊರಹೋಗುವ ಯೋಚನೆ ಬೇಡ. ಎಲ್ಲ ಹಾಯಿಬಟ್ಟೆಗಳನ್ನೂ ಬಿಚ್ಚಿ ಒಳಗಿಡಿ. ಹಗ್ಗಗಳು ದೋಣಿಯ ಅಂಚಿಗೆ ತಾಗುವ ಕಡೆ ಹಳೆಯ ಅಗ್ನಿಶಾಮಕ ಕೊಳವೆಯ ತುಂಡನ್ನು ತೊಡಿಸಿ. ಹೊಸ ಹಗ್ಗ ಕೂಡ ಒಂದೇ ರಾತ್ರಿಯ ಉಜ್ಜಾಟದಲ್ಲಿ ಅರ್ಧ ಹರಿದದ್ದನ್ನು ನಾನು ಕಂಡಿದ್ದೇನೆ. ನೆರೆಯಲ್ಲಿ ಮರದ ದಿಮ್ಮಿಗಳು ತೇಲಿ ಬಂದು ಸರಪಳಿಗೆ ಸಿಕ್ಕಿಕೊಂಡರೆ, ಇಳಿತದ ವೇಗ ತಗ್ಗುವವರೆಗೆ ಕಾದು ಉದ್ದನೆಯ ಗಳದಿಂದ ತಳ್ಳಬೇಕೇ ಹೊರತು ನೀರಿಗೆ ಇಳಿಯಬಾರದು.

ದೋಣಿಯ ತಳಕ್ಕೆ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಜೀವಿಗಳು ಹತ್ತಿಕೊಳ್ಳುವುದು ನೀರು ಉಪ್ಪಾಗಿರುವ ತಿಂಗಳುಗಳಲ್ಲಿ. ಅದಕ್ಕಾಗಿಯೇ ತಾಮ್ರ ಬೆರೆತ ಬಣ್ಣವನ್ನು ನಾವು ಮಳೆ ಕಳೆದ ಮೇಲೆ ದೋಣಿಯನ್ನು ದಡಕ್ಕೆಳೆದು ಬಳಿಸುತ್ತೇವೆ, ಹೊಸ ಬಣ್ಣಕ್ಕೆ ಉಪ್ಪಿನ ಋತುವಿಡೀ ದುಡಿಯುವ ಶಕ್ತಿ ಉಳಿಯುತ್ತದೆ. ನಡುವೆ ಒಮ್ಮೆ ತಳ ಕೆರೆಯಬೇಕಾದರೆ ಅದನ್ನು ತಿಳಿನೀರಿನಲ್ಲಿ, ಇಬ್ಬರಿದ್ದಾಗ ಮಾತ್ರ ಮಾಡಿ. ಮಾಂಡೋವಿಯನ್ನೂ ಜುವಾರಿಯನ್ನೂ ಜೋಡಿಸುವ ಕುಂಭಾರಜುವಾ ಕಾಲುವೆಯಲ್ಲಂತೂ ಇಳಿಯಲೇಬೇಡಿ, ಅಲ್ಲಿ ಮೊಸಳೆಗಳಿವೆ. ದಡಕ್ಕೆಳೆದಾಗ ಶಾಫ್ಟಿಗೆ ಬಿಗಿದ ಆನೋಡನ್ನೂ ನೋಡಿ, ಅರ್ಧ ಕರಗಿದ್ದರೆ ಬದಲಿಸಿ. ಪ್ರೊಪೆಲ್ಲರಿನ ಬದಲಿಗೆ ತಾನು ಸವೆಯುವುದೇ ಆ ಲೋಹದ ತುಂಡಿನ ಕೆಲಸ. ಸತುವಿನದು ಸಪ್ಪೆ ನೀರಿನಲ್ಲಿ ಮೇಲೆ ಪೊರೆ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ, ಆದ್ದರಿಂದ ವರ್ಷದಲ್ಲಿ ಕೆಲವು ಕಾಲ ಉಪ್ಪು, ಕೆಲವು ಕಾಲ ಸಪ್ಪೆಯಾಗುವ ಈ ನದಿಗೆ ಅಲ್ಯುಮಿನಿಯಂನದೇ ಸರಿ. ಬಣ್ಣ ಬಳಿಯುವವರು ಬರುವ ಮೊದಲು ಅದಕ್ಕೆ ಹಳೆಯ ಪತ್ರಿಕೆಯ ಹಾಳೆ ಸುತ್ತಿ ಅಂಟುಪಟ್ಟಿ ಹಾಕಿಡಿ, ಬಣ್ಣ ತಾಗಿದ ಆನೋಡ್ ಇದ್ದೂ ಇಲ್ಲದಂತೆ. ದೋಣಿ ನೀರಿಗಿಳಿಯುವ ಬೆಳಿಗ್ಗೆ ಆ ಹಾಳೆಯನ್ನು ನೆನಪಿನಿಂದ ಕಿತ್ತು ತೆಗೆಯಿರಿ.