ಕ್ಯಾರಿಯರ್ ಮೇಲೆ ಗೆರೆ ಕೊಯ್ದೆ, ವೇಫರ್ ತಾನಾಗಿ ಜಾರಿ ಬಂತು

300 ಮೈಕ್ರಾನ್ ದಪ್ಪದ ವೇಫರನ್ನು, ಅಂದರೆ ತೆಳು ಸಿಲಿಕಾನ್ ಬಿಲ್ಲೆಯನ್ನು, ಪ್ಲಾಸ್ಮಾದಿಂದ (ವಿದ್ಯುತ್ತಿನಿಂದ ಚುರುಕಾದ ಅನಿಲ) ಈ ಬದಿಯಿಂದ ಆ ಬದಿಗೆ ಕೊರೆಯುವಾಗ, ಆಸರೆಗೆ ಕ್ಯಾರಿಯರ್ ಎಂಬ ಇನ್ನೊಂದು ಬಿಲ್ಲೆಗೆ ಅಂಟಿಸಬೇಕು. ಅಂಟಿಸುವುದು ಕಷ್ಟವಲ್ಲ, ಬಿಡಿಸುವುದೇ ಕಷ್ಟ. ಮಾಡಿದವರಿಗೆ ಗೊತ್ತು, ಅಲ್ವಾ?

ಮೊದಲು ಫೋಮ್ಬ್ಲಿನ್ ಎಣ್ಣೆ ಹಚ್ಚಿದೆ. ಎಚ್ಚಿಂಗ್, ಅಂದರೆ ಪ್ಲಾಸ್ಮಾದ ಕೊರೆತ, ಚೆನ್ನಾಗಿಯೇ ಆಯಿತು. ಆದರೆ ಆ ಎಣ್ಣೆ ಅಸಿಟೋನಿಗೆ ಜಗ್ಗುವುದಿಲ್ಲ, ಅದನ್ನು ತೊಳೆಯುವ ದ್ರಾವಕ ದುಬಾರಿ. ಆಮೇಲೆ ಕ್ರಿಸ್ಟಲ್‌ಬಾಂಡ್ 509 ಮೇಣ ತಂದೆ. ಅಂಟಿಸುವಾಗ ಒಳಗೆ ಗಾಳಿಗುಳ್ಳೆ ಉಳಿದಿತ್ತು. ಅಲ್ಲಿ ಶಾಖ ಕೆಳಗಿಳಿಯದೆ, ಅದರ ಮೇಲಿನ ರೆಸಿಸ್ಟ್ (ಕೊರೆಯಬಾರದ ಜಾಗವನ್ನು ಕಾಯುವ ಪದರ) ನಾಣ್ಯದಗಲ ಕಂದಿ ಸುಟ್ಟಿತ್ತು. ಎರಡು ದಿನ ಅಸಿಟೋನಿನಲ್ಲಿಟ್ಟರೂ ನಡುಭಾಗ ಬಿಡಲಿಲ್ಲ. ಚಿಮಟದಿಂದ ಸ್ವಲ್ಪ ಎತ್ತಿದೆ, ಟಕ್ ಅಂತ ಎರಡು ಹೋಳು. ಹೀಗೆ ಐದಾರು ವೇಫರ್ ಹೋದವು. ಯಂತ್ರದ ಬಾಡಿಗೆ ಸೇರಿ ಸುಮಾರು 60 ಸಾವಿರ ರೂಪಾಯಿ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಸಿಟೋನಿಗೆ ಒಳಗೆ ಹೋಗಲು ದಾರಿ ಬೇಕು ಅನ್ನಿಸಿತು. ವೇಫರ್ ಕತ್ತರಿಸುವ ಡೈಸಿಂಗ್ ಗರಗಸದಲ್ಲಿ ಕ್ಯಾರಿಯರ್ ಮೇಲೆ 5 ಮಿಲಿಮೀಟರಿಗೊಂದರಂತೆ, ಸುಮಾರು 100 ಮೈಕ್ರಾನ್ ಆಳದ ಗೆರೆಗಳನ್ನು ಅಂಚಿನವರೆಗೂ ಕೊಯ್ದೆ. "ಕ್ಯಾರಿಯರೇ ಸೀಳಿಹೋಗುತ್ತೆ, ವೇಫರ್ ತಣ್ಣಗಾಗೋದೂ ಇಲ್ಲ" ಎಂದರು ಹಿರಿಯರೊಬ್ಬರು. ಮೊದಲನೆಯದು ನಿಜವಾಗಿಯೂ ಸೀಳಿತು, ಫ್ಲಾಟ್‌ಗೆ (ಬಿಲ್ಲೆಯ ಅಂಚಿನ ನೇರ ಭಾಗ) ಸಮಾನಾಂತರವಾಗಿ ಕೊಯ್ದಿದ್ದೆ, ಸಿಲಿಕಾನ್ ಸುಲಭವಾಗಿ ಸೀಳುವ ದಿಕ್ಕು ಅದು. 45 ಡಿಗ್ರಿ ತಿರುಗಿಸಿ ಕೊಯ್ದ ಮೇಲೆ ನಿಂತಿತು. ಚೆನ್ನಾಗಿ ತೊಳೆದು, ಮೇಲೆ ಮತ್ತೆ ಆಕ್ಸೈಡ್ (ಪ್ಲಾಸ್ಮಾ ಬೇಗ ತಿನ್ನದ ಗಾಜಿನಂಥ ಪದರ) ಬೆಳೆಸಿದೆ. ಇಲ್ಲದಿದ್ದರೆ ತೂತಿನ ಕೆಳಗೆ ಸಿಕ್ಕ ಗೆರೆಯನ್ನೂ ಪ್ಲಾಸ್ಮಾ ತಿನ್ನುತ್ತದೆ.

ಮೇಣವನ್ನು ಅಸಿಟೋನಿನಲ್ಲಿ ಕರಗಿಸಿ ಕ್ಯಾರಿಯರ್ ಮೇಲೆ ಸ್ಪಿನ್ ಮಾಡುತ್ತೇನೆ, ಅಂದರೆ ಗಿರ್ರನೆ ತಿರುಗಿಸಿ ತೆಳುವಾಗಿ ಹರಡುತ್ತೇನೆ. ಹಾಟ್‌ಪ್ಲೇಟ್ ಮೇಲೆ ಅಸಿಟೋನ್ ಪೂರ್ತಿ ಹಾರಿದ ಮೇಲೆ ವೇಫರ್ ಇಟ್ಟು, 130 ಡಿಗ್ರಿಯ ಹತ್ತಿರ ವ್ಯಾಕ್ಯೂಮ್‌ನಲ್ಲಿ ಒತ್ತುತ್ತೇನೆ. ಮೇಣ ಎಷ್ಟು, ಅಸಿಟೋನ್ ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಮೂರು ತಿಂಗಳು ಹೋಗಿವೆ.

ನಡುವೆ ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗನ್ನೂ ನೋಡಿದೆ. ಸೊಗಸಾಗಿ ಅಂಟಿತು. ಆದರೆ ಜಾಸ್ತಿ ಹೊತ್ತು ಬಿಸಿಯಾದರೆ ಗಟ್ಟಿಯಾಗಿ, ಸ್ಪಿರಿಟ್‌ನಲ್ಲೂ ಕರಗುವುದಿಲ್ಲ. ಎಚ್ಚಿಂಗ್ ನಡೆಯುವ ಚೇಂಬರಿನವರೆಗೆ ಒಯ್ಯಲೇ ಇಲ್ಲ.

ಗೆರೆಯ ಕ್ಯಾರಿಯರ್ ಮೇಲೆ ಒಂದೂಮುಕ್ಕಾಲು ಗಂಟೆ ಎಚ್ಚಿಂಗ್ ನಡೆಯಿತು. ರೆಸಿಸ್ಟ್ ಎಲ್ಲೂ ಸುಡಲಿಲ್ಲ. ಮೇಜಿನ ಮೇಲೆ ಅಸಿಟೋನ್ ತಟ್ಟೆ ಇಟ್ಟು ಕಾದೆ. ಗೆರೆಗಳ ತುದಿಯಿಂದ ಮೇಣ ಎಳೆ ಎಳೆಯಾಗಿ ಇಳಿಯಿತು. ಮೂರು ಗಂಟೆ ಕಳೆದ ಮೇಲೆ ತಟ್ಟೆಯನ್ನು ಸುಮ್ನೆ ಓರೆ ಮಾಡಿದೆ, ವೇಫರ್ ಜಾರಿ ಬಂತು. ಆ ಹಿರಿಯರನ್ನೇ ಕರೆದು ತೋರಿಸಿದೆ. ಈಗ ಅವರ ವಿದ್ಯಾರ್ಥಿಗಳೂ ನನ್ನ ಕ್ಯಾರಿಯರ್ ಕೇಳಿ ಒಯ್ಯುತ್ತಾರೆ.

ಒಂದು ಕ್ಯಾರಿಯರ್ ಏಳೆಂಟು ಸಲ ಬಾಳುತ್ತದೆ. ಈಗ 100 ಮೈಕ್ರಾನ್ ವೇಫರಿಗೆ ಕೈ ಹಾಕಿದ್ದೇನೆ. ಮೊದಲನೆಯದು ಅಂಚಿನಲ್ಲಿ ಬಿರುಕು ಬಿಟ್ಟಿತು. ಎರಡನೆಯದು ಅಸಿಟೋನಿನಲ್ಲಿದೆ.