ಪಿಎಚ್‌ಡಿ ಓದುತ್ತಾ ಗಂಡ, ಮಗಳನ್ನು ಇಂಗ್ಲೆಂಡಿಗೆ ಕರೆಸಿಕೊಂಡದ್ದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿಗೆ ಒಂದು ವರ್ಷದ ಎಂ.ಎಸ್‌ಸಿ. ಅಥವಾ ಎಂಬಿಎ ಓದಲು ಹೊರಟಿದ್ದರೆ ಈ ದಾರಿ ನಿಮಗಿಲ್ಲ. 2024ರ ಜನವರಿ 1 ಅಥವಾ ಆಮೇಲೆ ಶುರುವಾದ ಕೋರ್ಸುಗಳಿಗೆ ನಿಯಮ ಬಿಗಿಯಾಗಿದೆ. ಪಿಎಚ್‌ಡಿ ಮಾಡುವವರು, ಸಂಶೋಧನೆಯೇ ಮುಖ್ಯವಾಗಿರುವ ಸ್ನಾತಕೋತ್ತರ ಪದವಿಯವರು, ಸರ್ಕಾರದ ಹಣದಲ್ಲಿ ಆರು ತಿಂಗಳಿಗಿಂತ ಉದ್ದದ ಕೋರ್ಸ್ ಓದುವವರು ಮಾತ್ರ ಗಂಡ, ಹೆಂಡತಿ, ಮಕ್ಕಳನ್ನು ‘ಡಿಪೆಂಡೆಂಟ್’ ಎಂದು ಕರೆಸಿಕೊಳ್ಳಬಹುದು. “ಫ್ಯಾಮಿಲಿ ಆಮೇಲೆ ಹೋಗಬಹುದು ಮೇಡಂ” ಎನ್ನುವ ಏಜೆಂಟರು ಈಗಲೂ ಇದ್ದಾರೆ. ಅವರ ಮಾತು ನಂಬಿ ಫೀಸ್ ಕಟ್ಟಬೇಡಿ.

ನಾನು ಲೀಡ್ಸ್‌ನಲ್ಲಿ ಪಿಎಚ್‌ಡಿಗೆ ಸೇರಿದ್ದು 2023ರ ಅಕ್ಟೋಬರ್‌ನಲ್ಲಿ. ಮೂವರೂ ಒಟ್ಟಿಗೇ ಅರ್ಜಿ ಹಾಕಬಹುದಿತ್ತು. ಆದರೆ ಮನೆ ಗೊತ್ತಿಲ್ಲದ ಊರಿಗೆ ಸಣ್ಣ ಮಗುವನ್ನು ಕರೆದುಕೊಂಡು ಬರುವುದು ಬೇಡ ಅನ್ನಿಸಿತು. ಗಂಡ, ಮಗಳು ಧಾರವಾಡದಲ್ಲೇ ಉಳಿದರು. ಮರುವರ್ಷ ಅವರ ಅರ್ಜಿ ಹಾಕಿದೆವು. “ಹೆಂಡತಿ ಓದೋಕೆ ಹೋದಳು, ಗಂಡ ಹಿಂದೆ ಹೊರಟ” ಅಂತ ನೆಂಟರಲ್ಲಿ ಒಂದಿಷ್ಟು ಮಾತು ಬಂತು. ಅರ್ಜಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ನಾವೂ ತಲೆ ಕೆಡಿಸಿಕೊಳ್ಳಲಿಲ್ಲ.

ಈ ಕೆಲಸದಲ್ಲಿ ಕಷ್ಟ ಇರುವುದು ಫಾರಂ ತುಂಬುವುದರಲ್ಲಲ್ಲ, ದಿನಾಂಕ ಹೊಂದಿಸುವುದರಲ್ಲಿ. ಒಂದೊಂದು ಕಾಗದಕ್ಕೆ ಒಂದೊಂದು ಆಯುಷ್ಯ. ಟಿಬಿ ಪರೀಕ್ಷೆಯ ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನ ಕೊನೆಯ ದಿನ ಅರ್ಜಿಯ ದಿನಕ್ಕಿಂತ 31 ದಿನಕ್ಕೂ ಹೆಚ್ಚು ಹಳೆಯದಾಗಿದ್ದರೆ ನಡೆಯುವುದಿಲ್ಲ. ಮದುವೆ, ಜನನದ ಪತ್ರಗಳಿಗೆ ಅವಧಿ ಇಲ್ಲ, ಆದರೆ ಅವನ್ನು ಸರಿಮಾಡಿಸಲು ಹಿಡಿಯುವ ಸಮಯಕ್ಕೆ ಲೆಕ್ಕವೇ ಇಲ್ಲ. ಹಾಗಾಗಿ ಅವನ್ನು ಮೊದಲು ಮುಗಿಸಿ, ಹಣದ ಲೆಕ್ಕವನ್ನು ಕೊನೆಗೆ ಇಟ್ಟುಕೊಂಡೆವು.

ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಹೆಸರು. ಗಂಡನ ಮದುವೆ ನೋಂದಣಿ ಪತ್ರದಲ್ಲಿ ಎರಡು ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅವನ್ನೇ ಬಿಡಿಸಿ ಬರೆದ ಅಪ್ಪನ ಹೆಸರು, ಮನೆತನದ ಹೆಸರು. ನನ್ನ ಪಾಸ್‌ಪೋರ್ಟ್‌ನಲ್ಲಿ ತವರಿನ ಹೆಸರೇ ಇದೆ. ಮಗಳ ಜನನ ಪತ್ರದಲ್ಲಿ ಮಾತ್ರ ಆಸ್ಪತ್ರೆಯವರು ನನ್ನ ಹೆಸರಿನ ಜೊತೆ ಗಂಡನ ಹೆಸರು, ಅವರ ಮನೆತನ ಸೇರಿಸಿ ಬರೆಸಿದ್ದರು. ನಮ್ಮೂರಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಆದರೆ ಕಾಗದ ನೋಡುವ ವಿದೇಶಿ ಅಧಿಕಾರಿಗೆ ಅಲ್ಲಿ ಮೂವರ ಜಾಗದಲ್ಲಿ ಐದು ಜನ ಕಾಣಬಹುದು ಅಲ್ವಾ?

ಜನನ ಪತ್ರವನ್ನು ಪಾಲಿಕೆಯಲ್ಲಿ ತಿದ್ದಿಸಿದೆವು. ನನ್ನ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ತಾಯಿಯ ಹೆಸರು ಬಂತು. ಗಂಡನ ಇನಿಶಿಯಲ್‌ಗೆ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಸಹಿ ಹಾಕಿಸಿದರು. ಇಷ್ಟರ ಮೇಲೆ ನಾನೊಂದು ಪುಟದ ಪತ್ರ ಬರೆದೆ. ಯಾವ ಕಾಗದದಲ್ಲಿ ಯಾರ ಹೆಸರು ಹೇಗಿದೆ, ಯಾಕೆ ಹಾಗಿದೆ ಎಂದು ಸಾಲು ಸಾಲಾಗಿ ಹೇಳಿದೆ. ಯಾರೂ ಕೇಳದಿದ್ದರೂ ಆ ಪತ್ರ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮದುವೆಗೆ ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ಫೋಟೋ ಇವೆಲ್ಲ ಮೇಲೋಗರ ಅಷ್ಟೇ. ಬೇಕಾದದ್ದು ಉಪನೋಂದಣಾಧಿಕಾರಿ ಕಚೇರಿಯ ನೋಂದಣಿ ಪತ್ರ. ನಾನು ಹೊರಡುವ ಮುಂಚೆಯೇ ಇಬ್ಬರೂ ಹೋಗಿ ಸಹಿ ಹಾಕಿ ಬಂದಿದ್ದೆವು. ಒಬ್ಬರು ವಿದೇಶದಲ್ಲಿದ್ದಾಗ ಇದನ್ನು ಮಾಡಿಸಲು ಹೊರಟರೆ ಸುಮ್ನೆ ಒದ್ದಾಟ. ಕಾಗದ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ ಎಂಬ ಮಾತು, ಅನುವಾದಕರ ಪೂರ್ತಿ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ, ಇಷ್ಟೂ ಅದರಲ್ಲಿ ಇರಬೇಕು.

ಇನ್ನು ಹಣ. ಲಂಡನ್ ಹೊರಗಾದರೆ ಒಬ್ಬ ಡಿಪೆಂಡೆಂಟ್‌ಗೆ ತಿಂಗಳಿಗೆ 680 ಪೌಂಡ್, ಲಂಡನ್‌ನಲ್ಲಾದರೆ 845. ಒಂಬತ್ತು ತಿಂಗಳ ಲೆಕ್ಕ ತೋರಿಸಬೇಕು. ನಮಗೆ ಇಬ್ಬರಿಗೆ 12,240 ಪೌಂಡ್ ಆಯಿತು. ಆಗಿನ ದರ ಸುಮಾರು 110 ರೂಪಾಯಿ, ಅಂದರೆ ಹದಿಮೂರೂವರೆ ಲಕ್ಷದ ಹತ್ತಿರ. ಈ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದೇ ಒಂದು ದಿನ ಕೆಳಗೆ ಇಳಿದರೂ ಎಣಿಕೆ ಮತ್ತೆ ಒಂದರಿಂದ. ರೂಪಾಯಿಯನ್ನು ಪೌಂಡ್‌ಗೆ ತಿರುಗಿಸಲು ಅವರು ಒವಾಂಡಾ ತಾಣದ ದರ ನೋಡುತ್ತಾರೆ, ಅದೂ ಅರ್ಜಿ ಹಾಕಿದ ದಿನದ್ದು. ಆ ದಿನ ಪೌಂಡ್ ಏರಿದ್ದರೆ ಕಷ್ಟ. ಅದಕ್ಕೇ ಗಂಡನ ಖಾತೆಯಲ್ಲಿ ಹದಿನೈದು ಲಕ್ಷ ಇಟ್ಟೆವು. ಅರ್ಧ ನಮ್ಮ ಉಳಿತಾಯ, ಅರ್ಧ ಮಾವನವರು ನಿವೃತ್ತಿಯ ಹಣದಲ್ಲಿ ಕೊಟ್ಟದ್ದು. ಹಣ ಎಲ್ಲಿಂದ ಬಂತು ಅಂತ ಕೇಳಿದರೆ ತೋರಿಸಲು ಮಾವನವರ ಪತ್ರವನ್ನೂ ಸಿದ್ಧವಾಗಿ ಇಟ್ಟುಕೊಂಡಿದ್ದೆವು.

“ನಿನಗೆ ಸ್ಟೈಪೆಂಡ್ ಬರುತ್ತಲ್ಲ, ಅದು ಸಾಲದಾ?” ಎಂದು ಬಹಳ ಜನ ಕೇಳಿದರು. ಮುಂದೆ ಬರಲಿರುವ ಸಂಬಳ, ಸ್ಟೈಪೆಂಡ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೈಯಲ್ಲಿ ಇರುವ ಹಣ ಮಾತ್ರ. ಸ್ಕಾಲರ್‌ಶಿಪ್ ಕೊಡುವವರು ಕುಟುಂಬದ ಖರ್ಚನ್ನೂ ನೋಡಿಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ ಬೇರೆ ಮಾತು. ನನ್ನ ಪತ್ರದಲ್ಲಿ ನನ್ನೊಬ್ಬಳ ಖರ್ಚಿನ ಮಾತಷ್ಟೇ ಇತ್ತು.

ತೋರಿಸುವ ಹಣ ನಮ್ಮಲ್ಲೇ ಉಳಿಯುತ್ತದೆ. ಕೈಬಿಟ್ಟು ಹೋಗುವುದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ವೀಸಾ ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಶುಲ್ಕ. ವಿದ್ಯಾರ್ಥಿಗಳಿಗೆ, ಅವರ ಮನೆಯವರಿಗೆ ತಲೆಗೆ ವರ್ಷಕ್ಕೆ 776 ಪೌಂಡ್. ಎಷ್ಟು ವರ್ಷದ ವೀಸಾವೋ ಅಷ್ಟೂ ಮುಂಗಡ ಕಟ್ಟಬೇಕು. ನನ್ನ ವೀಸಾದಲ್ಲಿ ಮೂರು ವರ್ಷ, ಮೇಲೆ ಕೆಲವು ತಿಂಗಳು ಬಾಕಿ ಇತ್ತು. ಆ ಕೆಲವು ತಿಂಗಳಿಗೆ ಅರ್ಧ ವರ್ಷದ ಶುಲ್ಕ. ಹೀಗೆ ಒಬ್ಬರಿಗೆ 2,716 ಪೌಂಡ್. ವೀಸಾ ಶುಲ್ಕ ಆಗ ತಲೆಗೆ 490 ಇತ್ತು, ಆಮೇಲೆ ಏರಿದೆ. ಇಬ್ಬರದೂ ಸೇರಿ ಏಳು ಲಕ್ಷ ರೂಪಾಯಿ ದಾಟಿತು. ವೀಸಾ ಸಿಗದಿದ್ದರೆ ಆರೋಗ್ಯ ಶುಲ್ಕ ವಾಪಸ್ ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ. ಕಾರ್ಡಿನ ವಿದೇಶಿ ವ್ಯವಹಾರದ ಮಿತಿಯನ್ನು ಮೊದಲೇ ಏರಿಸಿಕೊಳ್ಳಿ. ಈ ಶುಲ್ಕಗಳನ್ನು 28 ದಿನದ ಖಾತೆಯಿಂದ ಕಟ್ಟಬೇಡಿ, ಬೇರೆ ಖಾತೆ ಇಟ್ಟುಕೊಳ್ಳಿ.

ಟಿಬಿ ಪರೀಕ್ಷೆ ಎಲ್ಲೆಂದರಲ್ಲಿ ಮಾಡಿಸುವ ಹಾಗಿಲ್ಲ. ಬ್ರಿಟನ್ ಸರ್ಕಾರ ಒಪ್ಪಿದ ಕೇಂದ್ರಗಳ ಪಟ್ಟಿ ಇದೆ. ನಮಗೆ ಹತ್ತಿರದ್ದು ಬೆಂಗಳೂರು. ದೊಡ್ಡವರಿಗೆ ಎದೆಯ ಎಕ್ಸ್‌ರೇ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಎಕ್ಸ್‌ರೇ ಇಲ್ಲ, ಡಾಕ್ಟರ್ ನೋಡಿ ಪ್ರಶ್ನೆ ಕೇಳುತ್ತಾರೆ. ಮಕ್ಕಳಿಗೂ ಸರ್ಟಿಫಿಕೇಟ್ ಬೇಕೇ ಬೇಕು.

ಅರ್ಜಿ ಒಬ್ಬೊಬ್ಬರಿಗೂ ಬೇರೆ ಬೇರೆ. ಮಗಳ ಅರ್ಜಿಯಲ್ಲಿ ಇಬ್ಬರು ಹೆತ್ತವರ ವಿವರವೂ ಕೊಟ್ಟೆವು. ತಂದೆ, ತಾಯಿ ಇಬ್ಬರೂ ಅಲ್ಲಿರಬೇಕು ಅಥವಾ ಹೋಗುತ್ತಿರಬೇಕು ಎಂಬುದು ಸಾಮಾನ್ಯ ನಿಯಮ. ಗಂಡ ಊರಲ್ಲೇ ಉಳಿದು ಮಗುವನ್ನಷ್ಟೇ ಕರೆಸಿಕೊಳ್ಳುತ್ತೇನೆ ಎಂದರೆ ಬಹಳ ವಿವರಣೆ ಕೊಡಬೇಕಾಗುತ್ತದೆ. ಬೆರಳಚ್ಚಿಗೆ ಮತ್ತೆ ಬೆಂಗಳೂರು. ಐದು ವರ್ಷ ತುಂಬದ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ, ಫೋಟೋ ಮಾತ್ರ. ಮಗಳಿಗೆ ಆಗ ನಾಲ್ಕು. ಅಪ್ಪನಿಗೆ ಮಾಡಿದ್ದು ತನಗೆ ಮಾಡಲಿಲ್ಲ ಅಂತ ಅಲ್ಲೇ ಮುಖ ಊದಿಸಿಕೊಂಡಳಂತೆ. ವೀಸಾ ಕೇಂದ್ರದಲ್ಲಿ ಎಸ್‌ಎಂಎಸ್, ಲೌಂಜ್ ಅಂತ ಹೆಚ್ಚುವರಿ ಸೇವೆಗಳ ಪಟ್ಟಿ ಕೊಡುತ್ತಾರೆ. ಅವು ಯಾವುವೂ ಕಡ್ಡಾಯವಲ್ಲ. ಮಾಮೂಲಿ ಅರ್ಜಿಗೆ ಮೂರು ವಾರ ಎಂದು ಸರ್ಕಾರ ಹೇಳುತ್ತದೆ. ನಮ್ಮದು ಅಷ್ಟರೊಳಗೇ ಬಂತು.

ಈ ನಡುವೆ ನಾನು ಮನೆ ಹುಡುಕಬೇಕಿತ್ತು. ನಾನಿದ್ದದ್ದು ಒಬ್ಬರಿಗಷ್ಟೇ ಇರುವ ವಿದ್ಯಾರ್ಥಿ ಕೋಣೆ. ಆಗ ಬಾಡಿಗೆ ಮನೆಯವರು ಬ್ರಿಟನ್‌ನಲ್ಲೇ ಇರುವ ಜಾಮೀನುದಾರರನ್ನು ಕೇಳುತ್ತಿದ್ದರು, ಇಲ್ಲದಿದ್ದರೆ ಆರು ತಿಂಗಳ ಬಾಡಿಗೆ ಮುಂಗಡ. ವೀಸಾ ಲೆಕ್ಕದಲ್ಲಿ ಇದು ಎಲ್ಲೂ ಬರೆದಿರಲಿಲ್ಲ. ನನಗೆ ಎಲ್ಲಕ್ಕಿಂತ ಭಾರವಾದದ್ದು ಇದೇ.

ಬಂದ ಮೇಲೆ ಗಂಡ ಪೂರ್ಣಾವಧಿ ಕೆಲಸ ಮಾಡಬಹುದು. ವೃತ್ತಿಪರ ಕ್ರೀಡಾಪಟು ಆಗುವಂತಿಲ್ಲ ಎಂಬ ಷರತ್ತು ಇದೆ. ಅವರಿಗೆ ಹೊಟ್ಟೆ ಬಂದಿರುವುದರಿಂದ ತೊಂದರೆಯಾಗಲಿಲ್ಲ. ಮಗಳಿಗೆ ಸರ್ಕಾರಿ ಶಾಲೆ ಉಚಿತ, ನಗರ ಕೌನ್ಸಿಲ್‌ಗೆ ಅರ್ಜಿ ಹಾಕಿದರೆ ಯಾವ ಶಾಲೆಯಲ್ಲಿ ಜಾಗವಿದೆಯೋ ಅದನ್ನು ಕೊಡುತ್ತಾರೆ. ಮಕ್ಕಳ ಭತ್ಯೆಯಂಥ ಸರ್ಕಾರಿ ನೆರವು ನಮಗಿಲ್ಲ, ಕೇಳಲೂ ಹೋಗಬಾರದು.

ವಾಸದ ಮನೆಗೆ ನಗರ ಕೌನ್ಸಿಲ್ ಹಾಕುವ ಕೌನ್ಸಿಲ್ ತೆರಿಗೆಯದು ಬೇರೆ ಕಥೆ. ಮನೆಯಲ್ಲಿ ಎಲ್ಲರೂ ವಿದ್ಯಾರ್ಥಿಗಳಾದರೆ ತೆರಿಗೆ ಇಲ್ಲ. ಗಂಡ ವಿದ್ಯಾರ್ಥಿಯಲ್ಲ ಎಂದು ಬಿಲ್ ಬಂತು. ಆದರೆ ವಿದ್ಯಾರ್ಥಿಯ ಸಂಗಾತಿ ಬ್ರಿಟಿಷ್ ಪ್ರಜೆಯಲ್ಲದೆ, ವೀಸಾದ ಷರತ್ತಿನಂತೆ ಸರ್ಕಾರಿ ನೆರವು ಪಡೆಯುವಂತಿಲ್ಲದಿದ್ದರೆ ಅವರನ್ನೂ ಲೆಕ್ಕದಿಂದ ಬಿಡಬೇಕು ಎಂದು ನಿಯಮವಿದೆ. ವೀಸಾ ಷರತ್ತಿನ ಪ್ರತಿ ಲಗತ್ತಿಸಿ ಬರೆದೆ, ಬಿಲ್ ರದ್ದಾಯಿತು.

ಅವ್ವನನ್ನೂ ಕರೆಸಿಕೊಳ್ಳಬಹುದಾ ಎಂದು ತಂಗಿ ಕೇಳುತ್ತಿರುತ್ತಾಳೆ. ವಿದ್ಯಾರ್ಥಿಯ ಅಪ್ಪ ಅಮ್ಮಂದಿರು ಡಿಪೆಂಡೆಂಟ್ ಪಟ್ಟಿಯಲ್ಲಿ ಇಲ್ಲ. ಅವರಿಗೆ ಇರುವುದು ಪ್ರವಾಸಿ ವೀಸಾ, ಒಂದು ಸಲ ಬಂದರೆ ಆರು ತಿಂಗಳವರೆಗೆ. ಅವ್ವ ಮಾತ್ರ ಚಳಿಗಾಲ ಬಿಟ್ಟು ಬೇರೆ ಯಾವಾಗ ಬೇಕಾದರೂ ಬರುತ್ತೇನೆ ಅಂದಿದ್ದಾರೆ.